ಲಂಡನ್ನಿಗೆ ಸಲ್ಲುವ ಕಾರು, ಬದರ್‌ಪುರಕ್ಕೆ ಸಲ್ಲದು

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಫರೀದಾಬಾದ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವಿನ ಚಿತ್ರಗಳ ಜಾಗಕ್ಕೆ ಒಂದು ಪ್ರಶ್ನೆ ಬಂದು ಕೂರುತ್ತದೆ: ‘ಇವತ್ತು ಗ್ರಾಪ್ ಎಷ್ಟು?’ ಬೆಂಗಳೂರು, ಪುಣೆ, ಮುಂಬೈಗಳಲ್ಲಿರುವ ಓದುಗರಿಗೆ ಈ ಪದ ಹೊಸದಿರಬಹುದು. ದೆಹಲಿ ಮತ್ತು ಸುತ್ತಲಿನ ಊರುಗಳ ಗಾಳಿ ಎಷ್ಟು ಕೆಟ್ಟಿದೆ ಎಂಬುದನ್ನು ನೋಡಿ ಸರ್ಕಾರ ಹಂತ ಹಂತವಾಗಿ ಬಿಗಿ ಮಾಡುವ ಕಾರ್ಯಯೋಜನೆಯ ಹೆಸರದು. ಒಟ್ಟು ನಾಲ್ಕು ಹಂತ. ವಾಯು ಗುಣಮಟ್ಟ ಸೂಚ್ಯಂಕ 400 ದಾಟಿದರೆ ಮೂರನೆಯದು, 450 ದಾಟಿದರೆ ನಾಲ್ಕನೆಯದು. ಮೂರಕ್ಕೆ ಹೋಯಿತೆಂದರೆ ಬಿಎಸ್ 3 ಪೆಟ್ರೋಲ್ ಕಾರುಗಳೂ ಬಿಎಸ್ 4 ಡೀಸೆಲ್ ಕಾರುಗಳೂ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೋಯ್ಡಾಗಳಲ್ಲಿ ರಸ್ತೆಗಿಳಿಯುವಂತಿಲ್ಲ. ಇಳಿದರೆ ದಂಡ 20,000 ರೂಪಾಯಿ.

ಹಾಗಾಗಿ ಇಲ್ಲಿ ಮಕ್ಕಳಿಗೂ ತಮ್ಮ ಮನೆಯ ಕಾರು ‘ಬಿಎಸ್ ಎಷ್ಟು’ ಎಂದು ಗೊತ್ತು. ಊರಿನಲ್ಲಿ ಗೋತ್ರ ಕೇಳುವ ಹಾಗೆ ಇಲ್ಲಿ ಬಿಎಸ್ ಕೇಳುತ್ತಾರೆ.

ನನ್ನದು 2014ರಲ್ಲಿ ಬೆಂಗಳೂರಿನಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು, ಬಿಎಸ್ 4. ಕೆಲಸದ ಮೇಲೆ ಇಲ್ಲಿಗೆ ಬಂದಾಗ ಅದನ್ನೂ ತಂದೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿ ಮರುನೋಂದಣಿ ಮಾಡಿಸಬೇಕು ಎನ್ನುವುದು ಕಾನೂನು. ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ ಹೋಗಿ ಎಚ್‌ಆರ್ 51 ಆಯಿತು. ಅಲ್ಲಿ ಕಟ್ಟಿದ್ದ ಆಜೀವ ತೆರಿಗೆಯ ಬಾಕಿ ವಾಪಸು ಪಡೆದ ಕಥೆ ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ನನ್ನ ಕಚೇರಿ ಇರುವುದು ನೋಯ್ಡಾದಲ್ಲಿ. ಭೂಪಟ ನೋಡಿ: ಫರೀದಾಬಾದ್ ಹರಿಯಾಣದಲ್ಲಿ, ನೋಯ್ಡಾ ಉತ್ತರ ಪ್ರದೇಶದಲ್ಲಿ, ನಡುವೆ ಯಮುನೆ. ಆದರೆ ನದಿ ದಾಟಲು ಬದರ್‌ಪುರದ ಕಡೆಯಿಂದ ದೆಹಲಿ ಹೊಕ್ಕು ಕಾಳಿಂದಿ ಕುಂಜ್ ಸೇತುವೆಗೆ ಹೋಗಬೇಕು. ಹರಿಯಾಣದ ಮನೆಯಿಂದ ಉತ್ತರ ಪ್ರದೇಶದ ಆಫೀಸಿಗೆ ಹೋಗುವವನು ದಿನಕ್ಕೆ ಎರಡು ಸಲ ದೆಹಲಿಯ ಪ್ರಜೆಯಾಗುತ್ತಾನೆ. ದೆಹಲಿಯನ್ನು ಮುಟ್ಟದೆ ಹೋಗುತ್ತೇನೆಂದರೆ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹಿಡಿದು ಊರು ಸುತ್ತಬೇಕು.

ಈ ಭೂಗೋಳಕ್ಕೆ ಕಳೆದ ಡಿಸೆಂಬರಿನಲ್ಲಿ ಬೆಲೆ ಬಂತು. 2025ರ ಡಿಸೆಂಬರ್ 18ರಿಂದ ದೆಹಲಿ ಸರ್ಕಾರ ಒಂದು ಆದೇಶ ಜಾರಿಗೆ ತಂದಿತು: ಗ್ರಾಪ್ ಕಠಿಣ ಹಂತದಲ್ಲಿರುವಾಗ ದೆಹಲಿಯ ಹೊರಗೆ ನೋಂದಣಿಯಾದ, ಬಿಎಸ್ 6ಕ್ಕಿಂತ ಕೆಳಗಿನ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಪೆಟ್ರೋಲೋ ಡೀಸೆಲೋ ಎಂಬ ಭೇದವಿಲ್ಲ. ಅದರ ಹಿಂದಿನ ದಿನವಷ್ಟೇ, ಅಂದರೆ 17ರಂದು, ಸುಪ್ರೀಂ ಕೋರ್ಟ್ ಹಳೆಯ ವಾಹನಗಳ ಬಗ್ಗೆ ತನ್ನ ಆದೇಶವನ್ನು ತಿದ್ದಿ, ಬಿಎಸ್ 4 ಮತ್ತು ಅದಕ್ಕಿಂತ ಮೇಲಿನ ಗಾಡಿಗಳ ಮೇಲೆ ಬರೀ ವಯಸ್ಸಾಯಿತೆಂಬ ಕಾರಣಕ್ಕೆ ಕ್ರಮ ಬೇಡ ಎಂದಿತ್ತು. ಒಂದೇ ವಾರದಲ್ಲಿ ನನ್ನ ಕಾರು ಕೋರ್ಟಿನ ಲೆಕ್ಕದಲ್ಲಿ ಪಾಸು, ಬದರ್‌ಪುರ ಗಡಿಯ ಲೆಕ್ಕದಲ್ಲಿ ಫೇಲು. ನಮ್ಮದೇ ಕಟ್ಟಡದಲ್ಲಿ ದೆಹಲಿ ನಂಬರಿನ ಬಿಎಸ್ 4 ಪೆಟ್ರೋಲ್ ಕಾರೊಂದಿದೆ, ಅದೇ ಕಂಪನಿ, ಅದೇ ಮಾಡೆಲ್. ಅದು ಒಳಗೆ ಹೋಗಬಹುದಿತ್ತು.

ಇಲ್ಲಿಯವರೆಗೆ ಬಂದ ದಾರಿಯನ್ನು ಸ್ವಲ್ಪ ಹೇಳಬೇಕು. 2014ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹದಿನೈದು ವರ್ಷ ದಾಟಿದ ವಾಹನಗಳು ದೆಹಲಿಯಲ್ಲಿ ಓಡಬಾರದೆಂದಿತು. 2015ರ ಏಪ್ರಿಲ್‌ನಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಇಡೀ ಎನ್‌ಸಿಆರ್‌ನಲ್ಲೇ ಬೇಡವೆಂದಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆಮೇಲೆ ಏಳು ವರ್ಷ ನಿಯಮ ಇತ್ತು, ಗಾಡಿಗಳೂ ಇದ್ದವು. 2025ರ ಜುಲೈ 1ಕ್ಕೆ ದೆಹಲಿಯ ಬಂಕುಗಳಲ್ಲಿ ಕ್ಯಾಮೆರಾ ಹಾಕಿ, ಅವಧಿ ಮುಗಿದ ಗಾಡಿಗಳಿಗೆ ಪೆಟ್ರೋಲ್, ಡೀಸೆಲ್ ಹಾಕಕೂಡದು ಎಂದಾಗಲೇ ಜನ ಎಚ್ಚೆತ್ತದ್ದು. ಗದ್ದಲ ಎಷ್ಟಾಯಿತೆಂದರೆ ಮೂರನೇ ದಿನಕ್ಕೆ ದೆಹಲಿಯ ಪರಿಸರ ಸಚಿವರೇ ಇದನ್ನು ತಡೆಯಿರಿ ಎಂದು ವಾಯು ಗುಣಮಟ್ಟ ಆಯೋಗಕ್ಕೆ ಪತ್ರ ಬರೆದರು. ಆಯೋಗ ನವೆಂಬರ್ 1ಕ್ಕೆ ಮುಂದೂಡಿತು, ಜೊತೆಗೆ ಫರೀದಾಬಾದ್ ಸೇರಿದಂತೆ ಐದು ಜಿಲ್ಲೆಗಳಿಗೂ ಅದೇ ದಿನಾಂಕ ಇಟ್ಟಿತು. ಅಷ್ಟರಲ್ಲಿ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಈ ಏರಿಳಿತದ ನಡುವೆ ಎಷ್ಟೋ ಜನ ಸುಸ್ಥಿತಿಯ ಕಾರುಗಳನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟರು. ಇಲ್ಲಿನ ಹತ್ತು ವರ್ಷದ ಡೀಸೆಲ್ ಕಾರುಗಳು ಎನ್‌ಒಸಿ ಹಿಡಿದುಕೊಂಡು ಹೋಗುವುದೆಲ್ಲಿಗೆ? ಬೇರೆ ರಾಜ್ಯಗಳಿಗೆ, ನಮ್ಮ ಕರ್ನಾಟಕಕ್ಕೂ. ಫರೀದಾಬಾದಿನ ಹೊಗೆ ಹುಬ್ಬಳ್ಳಿಗೆ ಹೋದರೆ ಅದು ಹೊಗೆಯಲ್ಲವೇ?

ತಿಪಟೂರಿನಲ್ಲಿ ಅಪ್ಪನ ಬಳಿ 2007ರ ಪೆಟ್ರೋಲ್ ಕಾರಿದೆ. ಹದಿನೈದು ವರ್ಷ ಆದಾಗ ಆರ್‌ಟಿಒಗೆ ಒಯ್ದು ತೋರಿಸಿ, ಹಸಿರು ತೆರಿಗೆ ಕಟ್ಟಿ ಇನ್ನೈದು ವರ್ಷಕ್ಕೆ ನೋಂದಣಿ ಮಾಡಿಸಿಕೊಂಡರು. ತೋಟಕ್ಕೆ, ಮದುವೆಗೆ, ಆಸ್ಪತ್ರೆಗೆ ಅದೇ. ಡಿಸೆಂಬರಿನಲ್ಲಿ ನನ್ನ ಗೋಳು ಕೇಳಿ ಅವರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಗಾಡಿ ಚೆನ್ನಾಗೇ ಐತಲ್ಲೋ, ಯಾರಾದ್ರೂ ಬಾನೆಟ್ ಎತ್ತಿ ನೋಡುದ್ರಾ?’

ಯಾರೂ ನೋಡಿಲ್ಲ ಅಪ್ಪಾಜಿ. ನೋಡಿದ್ದು ನಂಬರ್ ಪ್ಲೇಟನ್ನು.

ಹಾಗೆಂದು ಸರ್ಕಾರಕ್ಕೆ ತಲೆಯಿಲ್ಲ ಎಂದು ಬೈದು ಕೈ ತೊಳೆದುಕೊಳ್ಳುವ ಬರಹ ಇದಲ್ಲ. ನವೆಂಬರಿನಲ್ಲಿ ಬೆಳಿಗ್ಗೆ ಬಾಲ್ಕನಿ ಬಾಗಿಲು ತೆರೆದರೆ ಎದುರಿನ ಟವರ್ ಕಾಣುವುದಿಲ್ಲ. ಆರು ವರ್ಷದ ಮಗಳಿಗೆ ನೆಬ್ಯುಲೈಸರ್ ಎನ್ನುವುದು ಟೂತ್‌ಬ್ರಷ್ಷಿನಷ್ಟು ಪರಿಚಿತ ವಸ್ತು. ರಾಜ್ಯೋತ್ಸವಕ್ಕೆಂದು ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬೇಕೆಂದರೂ ಮಕ್ಕಳನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂಬ ಯೋಚನೆ. ನಮ್ಮ ದುರದೃಷ್ಟ, ಕನ್ನಡದ ತಿಂಗಳೇ ಇಲ್ಲಿ ಹೊಗೆಯ ತಿಂಗಳು. ಚಳಿಗಾಲದ ಸೂಕ್ಷ್ಮ ದೂಳಿನಲ್ಲಿ ವಾಹನಗಳ ಪಾಲು ಸುಮಾರು ಕಾಲುಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಕಾಲುಭಾಗವೆಂದರೆ ಕಡಿಮೆಯಲ್ಲ. ಬಿಗಿ ಬೇಕು, ನಾನು ಬಿಗಿಯ ಪರ. ಬದರ್‌ಪುರದ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು 2018ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಈ ಕಡೆಯವರು ಯಾರೂ ಅತ್ತಿರಲಾರರು.

ನನ್ನ ತಕರಾರು ಬಿಗಿಯ ಅಳತೆಗೋಲಿನ ಬಗ್ಗೆ. ಡೀಸೆಲ್ ಕಾರು ಬಿಎಸ್ 4ರಲ್ಲಿ ಪ್ರತಿ ಕಿಲೋಮೀಟರಿಗೆ 25 ಮಿಲಿಗ್ರಾಂವರೆಗೆ ಸೂಕ್ಷ್ಮ ಕಣ ಉಗುಳಬಹುದಿತ್ತು, ಬಿಎಸ್ 6ರಲ್ಲಿ ಆ ಮಿತಿ 4.5ಕ್ಕೆ ಇಳಿಯಿತು. ಐದು ಪಟ್ಟಿಗೂ ಮೀರಿದ ವ್ಯತ್ಯಾಸ. ಹಾಗಾಗಿ ಬಿಎಸ್ 4 ಡೀಸೆಲನ್ನು ಕೆಟ್ಟ ದಿನಗಳಲ್ಲಿ ನಿಲ್ಲಿಸುವುದಕ್ಕೆ ಅರ್ಥವಿದೆ. ಪೆಟ್ರೋಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳ ಮಿತಿ 80 ಮಿಲಿಗ್ರಾಂನಿಂದ 60ಕ್ಕೆ ಬಂತು. ಸುಧಾರಣೆ ಹೌದು, ಆದರೆ ಹಗಲು ರಾತ್ರಿಯ ವ್ಯತ್ಯಾಸವಲ್ಲ. ಆಯೋಗದ ಮೂರನೇ ಹಂತದ ನಿಯಮ ಪೆಟ್ರೋಲಿಗೆ ಒಂದು, ಡೀಸೆಲಿಗೆ ಇನ್ನೊಂದು ಗೆರೆ ಎಳೆದದ್ದು ಇದೇ ತರ್ಕದಿಂದ. ಡಿಸೆಂಬರಿನ ಆದೇಶ ಆ ಗೆರೆಯನ್ನು ಅಳಿಸಿಹಾಕಿತು.

ಲಂಡನ್ನಿನಲ್ಲಿ 2019ರಿಂದ ಅತಿ ಕಡಿಮೆ ಹೊಗೆಯ ವಲಯ ಎಂಬ ವ್ಯವಸ್ಥೆ ಇದೆ. 2023ರ ಆಗಸ್ಟಿನಿಂದ ಅದು ಇಡೀ ಮಹಾನಗರಕ್ಕೆ ಹಬ್ಬಿದೆ. ಅಲ್ಲಿ ಡೀಸೆಲ್ ಕಾರು ಯೂರೋ 6 ಆಗಿರಬೇಕು, ಪೆಟ್ರೋಲ್ ಕಾರಿಗೆ ಯೂರೋ 4 ಸಾಕು. ನಮ್ಮ ಬಿಎಸ್ ಮಾನದಂಡಗಳು ಯೂರೋ ಮಾನದಂಡಗಳನ್ನು ನೋಡಿಕೊಂಡೇ ಬರೆದವು. ಅಂದರೆ ಕಾಗದದ ಲೆಕ್ಕದಲ್ಲಿ ನನ್ನಂಥ ಕಾರು ಬಕಿಂಗ್‌ಹ್ಯಾಂ ಅರಮನೆಯ ಮುಂದೆಯೂ ಈ ವಲಯದ ಶುಲ್ಕವಿಲ್ಲದೆ ಓಡಾಡಬಹುದು, ಬದರ್‌ಪುರ ಮೇಲ್ಸೇತುವೆ ಮಾತ್ರ ಹತ್ತುವಂತಿಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ: ಅಲ್ಲಿ ಮಾನದಂಡ ಮುಟ್ಟದ ಕಾರಿಗೂ ನಿಷೇಧವಿಲ್ಲ, ದಿನಕ್ಕೆ ಹನ್ನೆರಡೂವರೆ ಪೌಂಡ್ ಕಟ್ಟಿ ಹೋಗಬಹುದು. ತಿಂಗಳಿಗೊಮ್ಮೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನೂ ದಿನಾ ಇನ್ನೂರು ಕಿಲೋಮೀಟರ್ ಓಡಿಸುವವನೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ.

ಹಾಗಾದರೆ ಹೊಗೆಯನ್ನೇ ಅಳೆಯಿರಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಹೊಗೆ ತಪಾಸಣೆಯ ಹಣೆಬರಹವೂ ನಿಮಗೆ ಗೊತ್ತು. ಪೆಟ್ರೋಲ್ ಕಾರಿನಲ್ಲಿ ನಿಂತಲ್ಲೇ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತಾರೆ, ಡೀಸೆಲಿನಲ್ಲಿ ಹೊಗೆಯ ಕಪ್ಪು ನೋಡುತ್ತಾರೆ. ನಮ್ಮ ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣ, ನೈಟ್ರೋಜನ್ ಆಕ್ಸೈಡು ಆ ಚೀಟಿಯಲ್ಲಿ ಬರುವುದೇ ಇಲ್ಲ. ಅಳೆಯುವ ಯಂತ್ರಕ್ಕೆ ದುಡ್ಡು ಹಾಕುವ ಬದಲು ತಯಾರಿಕೆಯ ವರ್ಷ ಓದುವ ಕ್ಯಾಮೆರಾಕ್ಕೆ ಹಾಕಿದ್ದಾರೆ ಎನ್ನುವುದೇ ನನ್ನ ಸಿಟ್ಟು.

ಈ ಎಲ್ಲ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಸಲಹೆಗೆ: ‘ಎಲೆಕ್ಟ್ರಿಕ್ ತಗೊಂಡುಬಿಡಿ ಸಾರ್.’ ಗ್ರಾಪ್ ಇಲ್ಲ, ಬಿಎಸ್ ಇಲ್ಲ, ಹತ್ತು ಹದಿನೈದು ವರ್ಷದ ರಗಳೆ ಇಲ್ಲ. ಜಿಎಸ್‌ಟಿ ಬರೀ ಶೇ. 5. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆಯನ್ನು ಶೇ. 18ಕ್ಕೆ ಇಳಿಸಿದ ಮೇಲೆ ಬೆಲೆಯ ಆಕರ್ಷಣೆ ಸ್ವಲ್ಪ ಕುಗ್ಗಿದೆ ಅನ್ನಿ. ಒಂದು ಕೈಯಲ್ಲಿ ಪೆಟ್ರೋಲ್ ಕಾರನ್ನು ಗಡಿಯಲ್ಲಿ ತಡೆಯುವುದು, ಇನ್ನೊಂದು ಕೈಯಲ್ಲಿ ಅದನ್ನೇ ಅಗ್ಗ ಮಾಡುವುದು, ಇದು ಹೇಗೆ ಹೊಂದುತ್ತದೋ ಆ ದೇವರೇ ಬಲ್ಲ.

ಆದರೂ ಲೆಕ್ಕ ಹಾಕಿದೆ. ನಮ್ಮ ಕಸುಬೇ ಎಕ್ಸೆಲ್ ಅಲ್ಲವೇ. ಹೋಗಿಬರಲು ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 22 ದಿನ, ಸುಮಾರು 1,300 ಕಿಲೋಮೀಟರ್. ಈ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹದಿನೈದು ಹಿಡಿದರೆ ಪೆಟ್ರೋಲಿಗೆ ಎಂಟು ಸಾವಿರದ ಮೇಲೆ. ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ ಏಳು ಕಿಲೋಮೀಟರ್ ಹೋದರೆ 190 ಯೂನಿಟ್. ಮನೆಯ ದರ ಎಂಟು ರೂಪಾಯಿ ಎಂದುಕೊಂಡರೆ ಸಾವಿರದ ಐನೂರು ರೂಪಾಯಿ. ಹೊರಗಿನ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ಕೊಟ್ಟರೆ ಅದೇ ಮೂರೂಮುಕ್ಕಾಲು ಸಾವಿರ. ಲಾಭದ ಒಂದು ದೊಡ್ಡ ಪಾಲು ಕೂತಿರುವುದು ಆ ಮನೆಯ ಪ್ಲಗ್ಗಿನಲ್ಲಿ. ಈ ಕಾರಿನ ಬಗ್ಗೆ ಮಾತಾಡುವವರೆಲ್ಲ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಎಂದು ಕೇಳುತ್ತಾರೆ. ದಿನಕ್ಕೆ ಅರವತ್ತು ಓಡಿಸುವವನಿಗೆ ಇನ್ನೂರು ಹೋದರೂ ಧಾರಾಳ. ರಾತ್ರಿ ಅದನ್ನು ಎಲ್ಲಿ ಚುಚ್ಚಿಡುವುದು ಎಂದು ಕೇಳುವವರು ಕಡಿಮೆ.

ನಮ್ಮ ಟವರಿನಲ್ಲೇ ಇರುವ ಧಾರವಾಡದ ಗೆಳೆಯರೊಬ್ಬರು ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದಾರೆ. ಕೇಳಿದರೆ, ‘ಕಾರು ಭಾಳ ಛಲೋ ಐತ್ರಿ. ತ್ರಾಸ ಏನಿದ್ರೂ ಪ್ಲಗ್ಗಿಂದ’ ಎನ್ನುತ್ತಾರೆ. ಅವರು ಚಾರ್ಜ್ ಮಾಡುವುದು ಆಫೀಸಿನಲ್ಲಿ. ರಜೆ ಬಂದರೆ ಭಾನುವಾರ ಬೆಳಿಗ್ಗೆ ಮಾಲಿನ ಚಾರ್ಜರ್ ಮುಂದೆ ಪೇಪರ್ ಓದುತ್ತ ಕೂತಿರುತ್ತಾರೆ.

ನಹರ್ ಪಾರ್, ಅಂದರೆ ಕಾಲುವೆಯ ಆಚೆಗಿನ ಗ್ರೇಟರ್ ಫರೀದಾಬಾದ್, ಇಪ್ಪತ್ತು ಅಂತಸ್ತಿನ ಟವರುಗಳ ಊರು. ಸ್ವಂತ ಮನೆ, ಸ್ವಂತ ಗೇಟು, ಸ್ವಂತ ಮೀಟರು ಇರುವವನಿಗೆ ಎಲೆಕ್ಟ್ರಿಕ್ ಕಾರು ಮೊಬೈಲ್ ಇದ್ದಂತೆ, ರಾತ್ರಿ ಹಚ್ಚಿದರೆ ಬೆಳಿಗ್ಗೆ ತುಂಬಿರುತ್ತದೆ. ನಮ್ಮ ಕಾರು ನಿಲ್ಲುವುದು ಎರಡನೇ ನೆಲಮಾಳಿಗೆಯಲ್ಲಿ, ಮೀಟರ್ ಇರುವುದು ಹದಿಮೂರನೇ ಮಹಡಿಯಲ್ಲಿ. ನಡುವಿನ ಅಷ್ಟೂ ಜಾಗ ನಿವಾಸಿಗಳ ಸಂಘದ್ದು. ಅರ್ಜಿ ಕೊಟ್ಟೆ. ಸಭೆಗೆ ಬಂದ ಆಕ್ಷೇಪಗಳು ಮೂರು: ಬೆಂಕಿ ಹೊತ್ತಿಕೊಂಡರೆ? ಲೋಡ್ ಸಾಲದಿದ್ದರೆ? ನಿಮ್ಮ ಕಾರಿಗೆ ನಾವೇಕೆ ಕೇಬಲ್ ಎಳೆಸಬೇಕು?

ಮೂರನ್ನೂ ನಾನು ತಳ್ಳಿಹಾಕುವುದಿಲ್ಲ. ಎರಡು ಮಹಡಿ ಕೆಳಗಿನ ಪಾರ್ಕಿಂಗಿನಲ್ಲಿ ಬೆಂಕಿಯ ಭಯ ಯಾರಿಗೂ ಸಹಜ, ಅದಕ್ಕೆ ಚಾರ್ಜಿಂಗ್ ಜಾಗವನ್ನು ನೆಲದ ಮೇಲೆ, ತೆರೆದ ಪಾರ್ಕಿಂಗಿನಲ್ಲಿ ಇಡುವುದೇ ಮೇಲು. ಲೋಡಿನ ವಿಷಯಕ್ಕೆ ಉತ್ತರ ಇತ್ತು. ಸಾಮಾನ್ಯ ಮನೆ ಚಾರ್ಜರ್ 3.3 ಕಿಲೋವ್ಯಾಟ್, ಅಂದರೆ ಒಂದೂವರೆ ಗೀಸರ್. ಬೆಳಿಗ್ಗೆ ಏಳಕ್ಕೆ ನೂರಾರು ಗೀಸರ್ ಒಟ್ಟಿಗೆ ಹೊರುವ ಕಟ್ಟಡ ರಾತ್ರಿ ಹನ್ನೆರಡಕ್ಕೆ ಕೆಲವು ಕಾರು ಹೊರಲಾರದೇ? 30 ಯೂನಿಟ್ಟಿನ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೂ ಒಂಬತ್ತು ಹತ್ತು ಗಂಟೆಯಲ್ಲಿ ತುಂಬುತ್ತದೆ. ದಿನದ ಬಳಕೆಗೆ ಮೂರು ಗಂಟೆ ಸಾಕು.

ಕಾನೂನೂ ನಮ್ಮ ಕಡೆಗಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಕಾರು ಚಾರ್ಜಿಂಗಿಗೆಂದೇ ಗ್ರಾಹಕ ಪ್ರತ್ಯೇಕ ಸಂಪರ್ಕ ಕೇಳಬಹುದು ಎಂದಿದೆ. ಇದು ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಮುಂಬೈಯ ಸೊಸೈಟಿಗೂ ಅನ್ವಯಿಸುತ್ತದೆ, ಬೇಕಾದವರು ಗುರುತು ಹಾಕಿಟ್ಟುಕೊಳ್ಳಿ. ಆದರೆ ಹಕ್ಕು ಇದೆ ಎಂದ ಮಾತ್ರಕ್ಕೆ ನೆರೆಯವನ ಪಾರ್ಕಿಂಗ್ ಗೋಡೆಯ ಮೇಲೆ ಕೇಬಲ್ ಓಡುವುದಿಲ್ಲ. ಅದನ್ನು ಒಪ್ಪಿಸಿಕೊಳ್ಳಲು ಚಹಾ ಬೇಕು, ತಾಳ್ಮೆ ಬೇಕು, ಹೋಳಿಗೆ ಡಬ್ಬಿಯೂ ಬೇಕಾಗಬಹುದು.

ನನಗೆ ನಗು ತರಿಸಿದ್ದು ಜನರೇಟರ್. ನಮ್ಮಲ್ಲಿ ಕರೆಂಟ್ ಹೋದ ಕೂಡಲೇ ಟವರಿನ ಹಿಂದಿನ ಡೀಸೆಲ್ ಜನರೇಟರ್ ಗುಡುಗುತ್ತದೆ. ಆಗ ಚಾರ್ಜಿಗಿಟ್ಟ ಕಾರು ಸದ್ದಿಲ್ಲದೆ ಡೀಸೆಲ್ ಕುಡಿಯುತ್ತಿರುತ್ತದೆ. ಹಾಗಾಗಿ ಚಾರ್ಜಿಂಗ್ ಲೈನನ್ನು ಜನರೇಟರಿಗೆ ಜೋಡಿಸಲೇಬಾರದು ಎಂದು ನಾನೇ ಅರ್ಜಿಯಲ್ಲಿ ಬರೆದೆ. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದ್ದೇ ಎಂದು ಸಭೆಯಲ್ಲಿ ಒಬ್ಬರು ನೆನಪಿಸಿದರು. ನಿಜ. ಆದರೆ ಆ ಹೊಗೆ ನನ್ನ ಮಗಳ ಸ್ಕೂಲ್ ಬಸ್ಸಿನ ಮೂಗಿನ ಮಟ್ಟದಲ್ಲಿ ಹೊರಬರುವುದಿಲ್ಲ. ಇದು ಸ್ವಲ್ಪ ಸ್ವಾರ್ಥದ ಉತ್ತರ, ಗೊತ್ತು. ಸ್ಥಾವರದ ಚಿಮಣಿಯ ಕೆಳಗೂ ಯಾರದೋ ಮಗಳು ಇರುತ್ತಾಳೆ.

ಎಲೆಕ್ಟ್ರಿಕ್ ಎಂದರೆ ಉಳ್ಳವರ ಆಟ ಎನ್ನುವವರು ನಮ್ಮ ಸೆಕ್ಟರಿನಿಂದ ಬಾಟಾ ಚೌಕಕ್ಕೆ ಒಮ್ಮೆ ಬರಬೇಕು. ದಾರಿಯ ತುಂಬ ಇ-ರಿಕ್ಷಾಗಳು. ಹತ್ತು ವರ್ಷಕ್ಕೂ ಹಿಂದಿನಿಂದ ಈ ಭಾಗದಲ್ಲಿ ಓಡುತ್ತಿರುವ, ಎಷ್ಟೋ ಕಡೆ ಹಳೆಯ ಸೀಸದ ಬ್ಯಾಟರಿಯ, ಅಲುಗಾಡುವ ಗಾಡಿಗಳು. ಅವನ್ನು ಕೊಳ್ಳಿ ಎಂದು ಯಾವ ಸರ್ಕಾರವೂ ಬಲವಂತ ಮಾಡಲಿಲ್ಲ, ಕಾನೂನು ಬಂದದ್ದೇ ಗಾಡಿಗಳು ಬೀದಿ ತುಂಬಿದ ಮೇಲೆ. ರಾತ್ರಿ ಗ್ಯಾರೇಜಿನವನಿಗೆ ಇಷ್ಟೆಂದು ಕೊಟ್ಟರೆ ನಿಲ್ಲಿಸಲು ಜಾಗ, ಪ್ಲಗ್ಗು ಎರಡೂ ಸಿಗುತ್ತದೆ. ಲೆಕ್ಕ ಕೂಡಿಬಂತು, ಜನ ಕೊಂಡರು. ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನ ರೇವಾ ನೆನಪಾಗುತ್ತದೆ. 2001ರಲ್ಲೇ ಬಂದ ಎಲೆಕ್ಟ್ರಿಕ್ ಕಾರು, ಇಬ್ಬರು ದೊಡ್ಡವರು ಕೂರುವಷ್ಟು ಜಾಗ. ಊರಿನಲ್ಲಿ ಅದನ್ನು ಬೆರಗಿನಿಂದ ನೋಡಿದವರು ಬಹಳ, ಕೊಂಡವರು ಕಡಿಮೆ. ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡಾಡಿತು, ಏಕೆಂದರೆ 2003ರಲ್ಲಿ ಅಲ್ಲಿ ನಗರ ಪ್ರವೇಶ ಶುಲ್ಕ ಬಂದಾಗ ಎಲೆಕ್ಟ್ರಿಕ್ ಕಾರುಗಳಿಗೆ ವಿನಾಯಿತಿ ಸಿಕ್ಕಿತು. ಬೆಂಗಳೂರಿನ ಕಾರಿಗೆ ಬೆಂಗಳೂರಿನಲ್ಲಿ ಸಿಗದ ಅನುಕೂಲ ಅಲ್ಲಿ ಸಿಕ್ಕಿತ್ತು.

ಡಿಸೆಂಬರಿನ ಆ ದಿನಗಳಲ್ಲಿ ನಾನು ಆಫೀಸಿಗೆ ಹೋದದ್ದು ಮೆಟ್ರೋದಲ್ಲಿ. ಇ-ರಿಕ್ಷಾದಲ್ಲಿ ಬಾಟಾ ಚೌಕ, ಅಲ್ಲಿಂದ ನೇರಳೆ ಮಾರ್ಗದಲ್ಲಿ ಕಾಲ್ಕಾಜಿ ಮಂದಿರ, ಬದಲಿಸಿ ಮೆಜೆಂಟಾ ಮಾರ್ಗದಲ್ಲಿ ಬೊಟಾನಿಕಲ್ ಗಾರ್ಡನ್, ಮತ್ತೆ ಒಂದು ಆಟೋ. ನೂರು ನಿಮಿಷ. ಕಾರಿನಲ್ಲಿ ಅರವತ್ತು, ಕೆಟ್ಟ ದಿನ ತೊಂಬತ್ತು. ಫರೀದಾಬಾದಿಗೆ ಮೆಟ್ರೋ ಬಂದು 2025ರ ಸೆಪ್ಟೆಂಬರಿಗೆ ಹತ್ತು ವರ್ಷ ತುಂಬಿತು, ಆದರೆ ಕಾಲುವೆ ದಾಟಿ ಈ ಕಡೆ ಬರಲಿಲ್ಲ. ಬಂದರೆ ನಾನು ಕಾರಿನ ವಿಷಯ ಬರೆಯುತ್ತಲೇ ಇರಲಿಲ್ಲವೇನೋ. ನಿಲ್ದಾಣದಿಂದ ಮನೆಗೆ ಒಂದು ನೆಟ್ಟಗಿನ ಬಸ್ಸು ಇದ್ದಿದ್ದರೂ ನಮ್ಮ ನೆಲಮಾಳಿಗೆಯ ಅರ್ಧ ಕಾರುಗಳು ವಾರಪೂರ್ತಿ ದೂಳು ತಿನ್ನುತ್ತಿದ್ದವು.

ಕಾರನ್ನು ಗುಜರಿಗೆ ಹಾಕಬಹುದಲ್ಲ ಎಂದು ಕೇಳಿದವರಿದ್ದಾರೆ. ಅಧಿಕೃತ ಗುಜರಿ ಕೇಂದ್ರದಲ್ಲಿ ಹೊಸ ಕಾರಿನ ಶೋರೂಂ ಬೆಲೆಯ ಶೇ. 4ರಿಂದ 6ರಷ್ಟು ಸಿಗುತ್ತದೆ ಎನ್ನುತ್ತದೆ ನೀತಿ. ಮೇಲೆ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಬಹುದು ಎನ್ನುತ್ತದೆ. ಅರವತ್ತೆರಡು ಸಾವಿರ ಕಿಲೋಮೀಟರ್ ಓಡಿದ, ಒಂದು ಸಲವೂ ದಾರಿಯಲ್ಲಿ ನಿಲ್ಲದ ಎಂಜಿನ್ನನ್ನು ಪುಡಿ ಮಾಡಿಸಲು ನನಗಂತೂ ಮನಸ್ಸಿಲ್ಲ. ಹೊಸ ಕಾರು ತಯಾರಿಸಲು ಸುಡುವ ಕಲ್ಲಿದ್ದಲು, ಕರಗಿಸುವ ಉಕ್ಕು ಯಾವ ಗಡಿಯ ಕ್ಯಾಮೆರಾಕ್ಕೂ ಕಾಣುವುದಿಲ್ಲ.

ನಮ್ಮ ಸಂಘದ ಸಭೆ ಮೂರನೇ ಸಲ ಸೇರಿದಾಗ ಗಾಳಿ ಬದಲಾಯಿತು. ಕಾರಣ ನನ್ನ ವಾದವಲ್ಲ, ಡಿಸೆಂಬರ್. ಮೊದಲು ಬೆಂಕಿಯ ಮಾತೆತ್ತಿದ್ದ ಅಂಕಲ್‌ರ ಬಿಎಸ್ 4 ಕಾರೂ ಗಡಿಯಿಂದ ತಿರುಗಿ ಬಂದಿತ್ತು. ತೆರೆದ ಪಾರ್ಕಿಂಗಿನಲ್ಲಿ ಆರು ಚಾರ್ಜಿಂಗ್ ಜಾಗ, ಪ್ರತ್ಯೇಕ ಸಂಪರ್ಕ, ಜನರೇಟರಿಗೆ ಜೋಡಣೆ ಇಲ್ಲ, ಬಳಸಿದವರಷ್ಟೇ ದುಡ್ಡು ಕೊಡುವುದು ಎಂದು ಒಪ್ಪಿದರು. ಕೊಟೇಶನ್ ತರಿಸಿದ್ದಾರೆ, ಫೆಬ್ರವರಿಯ ಸಭೆಯಲ್ಲಿ ತೆರೆಯುತ್ತಾರಂತೆ. ಆರು ಜಾಗಕ್ಕೆ ಈಗಲೇ ಹದಿನೇಳು ಹೆಸರು ಬಂದಿವೆ. ನನ್ನದು ಒಂಬತ್ತನೆಯದು.